ಗಿಟಾರಿನ ಜೊತೆಗೂ ಶರೀಫರೇ

ತತ್ವಪದವನ್ನು ರಾಕ್ ಬ್ಯಾಂಡ್ ಹಾಡಬಹುದೇ? ‘ದಿ ರಘು ದೀಕ್ಷಿತ್ ಪ್ರಾಜೆಕ್ಟ್’ನ ಚೊಚ್ಚಲ ಆಲ್ಬಂ ಈ ಪ್ರಶ್ನೆಯನ್ನು ನೇರವಾಗಿ ನಮ್ಮ ಮುಂದಿಟ್ಟಿತು. ಮೈಸೂರಿನಲ್ಲಿ ಬೆಳೆದು, ಭರತನಾಟ್ಯ ಕಲಿತು, ಸೂಕ್ಷ್ಮಜೀವಿಶಾಸ್ತ್ರ ಓದಿದ ರಘು ದೀಕ್ಷಿತ್ ‘ಅಂತರಾಗ್ನಿ’ ತಂಡದ ಕಾಲದಿಂದ ಕಟ್ಟಿಕೊಂಡು ಬಂದ ಹಾಡುಗಳು ಸಂಗೀತ ಕಂಪನಿಗಳಿಗೆ ವರ್ಷಗಟ್ಟಲೆ ಬೇಡವಾಗಿದ್ದವು. ಕೊನೆಗೆ 2008ರಲ್ಲಿ ಮುಂಬೈಯ ಸಂಗೀತ ನಿರ್ದೇಶಕರಾದ ವಿಶಾಲ್–ಶೇಖರ್ ತಮ್ಮದೇ ಲೇಬಲ್‌ನಿಂದ ಅವನ್ನು ಹೊರತಂದರು. ಹಿಂದಿ, ಇಂಗ್ಲಿಷ್ ಹಾಡುಗಳ ನಡುವೆ ಶಿಶುನಾಳ ಶರೀಫರ ಎರಡು ಪದಗಳು ಅದರಲ್ಲಿವೆ: ‘ಸೋರುತಿಹುದು ಮನೆಯ ಮಾಳಿಗಿ’ ಮತ್ತು ‘ಗುಡುಗುಡಿಯ ಸೇದಿ ನೋಡೋ’. ಆಲ್ಬಂ ಗಟ್ಟಿಯಾಗಿ ನಿಂತಿರುವುದು ಈ ಎರಡರ ಮೇಲೆಯೇ ಎಂಬುದು ನನ್ನ ನಂಬಿಕೆ.

ಶರೀಫರ ಮಾಳಿಗಿ ಧಾರವಾಡ ಸೀಮೆಯದು. ತೊಲೆ, ಜಂತಿಗಳ ಮೇಲೆ ಮಣ್ಣು ಹಾಕಿ ಬಡಿದು ಮಾಡಿದ ಸಮತಟ್ಟು ಮಾಡು. ಬೇಸಿಗೆಯಲ್ಲಿ ಮಣ್ಣು ಬಿರಿದರೆ ಮಳೆಗಾಲದಲ್ಲಿ ಸೋರುತ್ತದೆ. ಕಾರವಾರದಾಚೆ, ಗೋವಾ ಗಡಿಗೆ ತಾಗಿದ ಮಾಜಾಳಿಯಲ್ಲಿ ಅಂಥ ಮಾಳಿಗಿ ಒಂದು ಮಳೆಗಾಲವನ್ನೂ ತಡೆಯದು. ಇಲ್ಲಿಯದು ಇಳಿಜಾರು ಹಂಚಿನ ಮಾಡು. ಸೋರಿತೆಂದರೆ ಹಂಚು ಸರಿದಿದೆ ಎಂದರ್ಥ. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ ಆಡುವ ಊರಿದು. ಆದರೂ ಸೋರುವ ಮನೆಯ ಸಂಕಟವನ್ನು ಇಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಶರೀಫರು ಒಳಗಿನ ಅಜ್ಞಾನವನ್ನು ಸೋರುವ ಮಾಡಿನಲ್ಲಿ ಕಂಡರು, ಸಾಧನೆಯ ದಾರಿಯನ್ನು ಸೇದುವ ಗುಡುಗುಡಿಯಲ್ಲಿ ತೋರಿಸಿದರು. ಪದದ ಜೀವ ಇರುವುದು ಈ ಮನೆಬಳಕೆಯ ವಸ್ತುಗಳಲ್ಲಿ. ಏಕತಾರಿ ಹೋಗಿ ಗಿಟಾರ್ ಬಂದ ಮಾತ್ರಕ್ಕೆ ಅದು ಹಾರಿಹೋಗುವುದಿಲ್ಲ. ರಘು ಎದೆತುಂಬಿ, ಗಂಟಲು ಬಿಚ್ಚಿ ಹಾಡುತ್ತಾರೆ. ‘ಮಾಳಿಗಿ’ಯನ್ನು ‘ಮಾಳಿಗೆ’ ಮಾಡಲು ಹೋಗುವುದಿಲ್ಲ.

ಡ್ರಮ್ಸ್ ಅಬ್ಬರದಲ್ಲಿ ಅರ್ಥ ಮುಳುಗುತ್ತದೆ, ಹುಡುಗರು ಕುಣಿಯುತ್ತಾರೆಯೇ ಹೊರತು ಕೇಳುವುದಿಲ್ಲ ಎಂಬ ಆಕ್ಷೇಪವಿದೆ. ಅದರಲ್ಲಿ ಹುರುಳಿಲ್ಲದಿಲ್ಲ, ಕುಣಿಯುವವರೆಲ್ಲ ತತ್ವ ಹಿಡಿದಿರುತ್ತಾರೆ ಎಂದು ನಾನೂ ವಾದಿಸಲಾರೆ. ಆದರೆ ಸಿ. ಅಶ್ವತ್ಥ್ ಶರೀಫರನ್ನು ಭಜನೆಯ ಕಟ್ಟೆಯಿಂದ ಸುಗಮ ಸಂಗೀತದ ವೇದಿಕೆಗೆ ತಂದದ್ದೂ ಆ ಕಾಲಕ್ಕೆ ಹೊಸ ದಾರಿಯೇ. ಅದರ ಜೊತೆಗೆ 1990ರಲ್ಲಿ ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಚಿತ್ರವೂ ಬಂತು. ಇಂದು ಅಶ್ವತ್ಥರ ಧಾಟಿಯನ್ನೇ ಮೂಲವೆಂದು ನಂಬಿದವರು ಎಷ್ಟಿಲ್ಲ! ಇನ್ನು ಕೆಲವರು ವಿದೇಶದ ಮೆಚ್ಚುಗೆಯನ್ನೇ ಎತ್ತಿ ಹಿಡಿಯುತ್ತಾರೆ. 2010ರಲ್ಲಿ ತಂಡ ಬಿಬಿಸಿಯ ಜೂಲ್ಸ್ ಹಾಲಂಡ್ ಕಾರ್ಯಕ್ರಮದಲ್ಲಿ ಹಾಡಿತು, 2011ರಲ್ಲಿ ‘ಸಾಂಗ್‌ಲೈನ್ಸ್’ ಪತ್ರಿಕೆಯ ಹೊಸ ಕಲಾವಿದ ಪ್ರಶಸ್ತಿಯೂ ಬಂತು. ಸಂತೋಷದ ಸಂಗತಿಗಳೇ. ಆದರೆ ಕನ್ನಡದ ಪದಗಳು ಕನ್ನಡದವರ ಕಿವಿಯಲ್ಲಿ ಏನು ಮಾಡಿದವು ಎಂಬುದು ನನಗೆ ಅದಕ್ಕಿಂತ ದೊಡ್ಡ ಮಾತು.

ಈ ಕರಾವಳಿಗೂ ಅಂಥದೊಂದು ಆಲ್ಬಂ ಬರಬೇಕು. ಅಂಕೋಲೆಯ ಹಾಲಕ್ಕಿಗಳ ಗುಮಟೆ ಮಾಜಾಳಿ ಗಡಿ ದಾಟಿದರೆ ಘುಮಟ್. 2019ರಲ್ಲಿ ಗೋವಾ ಸರ್ಕಾರ ಅದನ್ನು ತನ್ನ ಪರಂಪರೆಯ ವಾದ್ಯವೆಂದು ಸಾರಿತು. ಮಣ್ಣಿನ ಕೊಡ, ಅದರ ಬಾಯಿಗೆ ಬಿಗಿದ ಚರ್ಮ, ಇಷ್ಟೇ. ಹಿಂದೆ ಉಡದ ಚರ್ಮ ಬಿಗಿಯುತ್ತಿದ್ದರು, ಕಾಯ್ದೆ ಬಂದಮೇಲೆ ಆಡಿನದು. ಚರ್ಮ ಬದಲಾದರೂ ಗುಮಟೆ ಗುಮಟೆಯಾಗಿಯೇ ಉಳಿದಿದೆ. ಹಾಲಕ್ಕಿ ಹಾಡುಗಳ ಭಂಡಾರವೇ ಆಗಿದ್ದ ಬಡಗೇರಿಯ ಸುಕ್ರಿ ಬೊಮ್ಮಗೌಡರು 2025ರ ಫೆಬ್ರುವರಿಯಲ್ಲಿ ತೀರಿಕೊಂಡರು. ಗಿಟಾರ್ ಹಿಡಿದ ಇಲ್ಲಿಯ ಹುಡುಗರು ಅವರ ಎದುರು ಕುಳಿತು ಕಲಿಯುವ ಕಾಲವಂತೂ ಮುಗಿಯಿತು. ಅವರಿಂದ ಕಲಿತ ಹೆಂಗಸರು ಇನ್ನೂ ಇದ್ದಾರೆ.