ಉಪಗ್ರಹ ದಾರಿ ತೋರುವ ಬಗೆ



ಕರು ಹಾಕಿದ ಹಸು ಹಾಲುಜ್ವರದಿಂದ ನೆಲ ಹಿಡಿದಾಗ 1962ಕ್ಕೆ ಕರೆ ಮಾಡಿ, ಮೊಬೈಲಿನಿಂದ ‘ಲೊಕೇಶನ್’ ಕಳುಹಿಸುವವರು ಈಗ ಕಡೂರು, ತರೀಕೆರೆ, ಅಜ್ಜಂಪುರ ಕಡೆಯಲ್ಲೂ ಇದ್ದಾರೆ. ಕಳುಹಿಸಿದ ಜಾಗ ಕೆಲವೊಮ್ಮೆ ಪಕ್ಕದ ತೋಟವಾಗಿರುತ್ತದೆ. ಕ್ಯಾಲ್ಸಿಯಂ ಕೊಡುವುದು ತಡವಾದಷ್ಟೂ ಹಸುವಿನ ಜೀವಕ್ಕೆ ಅಪಾಯ. ಆದ್ದರಿಂದ ಈ ಏರ್ಪಾಡು ಹೇಗೆ ಕೆಲಸ ಮಾಡುತ್ತದೆಂದು ತಿಳಿದಿರುವುದು ಒಳ್ಳೆಯದು.

ಉಪಗ್ರಹ ನಮ್ಮನ್ನು ಮೇಲಿನಿಂದ ನೋಡುತ್ತಿರುತ್ತದೆ ಎಂದು ಹಲವರು ತಿಳಿದಿದ್ದಾರೆ. ಹಾಗಲ್ಲ. ಅಮೆರಿಕದ ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುತ್ತಾ ಆಕಾಶವಾಣಿಯಂತೆ ಪ್ರಸಾರ ಮಾಡುತ್ತಿರುತ್ತವೆ. ಮೊಬೈಲು ಅದನ್ನು ಕೇಳುತ್ತದೆ, ಅಷ್ಟೇ. ಪ್ರಸಾರದ ಮುಖ್ಯ ಮಾತು ಎರಡು: ಈಗ ಗಂಟೆ ಎಷ್ಟು, ಉಪಗ್ರಹ ಎಲ್ಲಿದೆ. ಅಲೆಯ ವೇಗ ಸೆಕೆಂಡಿಗೆ ಸುಮಾರು 3 ಲಕ್ಷ ಕಿ.ಮೀ. ಹೊರಟ ಹೊತ್ತು, ತಲುಪಿದ ಹೊತ್ತು ಗೊತ್ತಾದರೆ ದೂರ ಗೊತ್ತಾಗುತ್ತದೆ. ಮೂರು ಉಪಗ್ರಹಗಳ ದೂರ ಸಿಕ್ಕರೆ ಜಾಗ ಸಿಗಬೇಕು. ಆದರೆ ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲು ತಪ್ಪಿದರೂ 300 ಮೀಟರ್ ವ್ಯತ್ಯಾಸ. ಮೊಬೈಲಿನ ಗಡಿಯಾರ ಅಷ್ಟು ನಿಖರವಲ್ಲ. ಆ ತಪ್ಪನ್ನು ಸರಿಪಡಿಸಲು ನಾಲ್ಕನೆಯ ಉಪಗ್ರಹ ಬೇಕು.

ಉಪಗ್ರಹದಲ್ಲಿರುವುದು ಪರಮಾಣು ಗಡಿಯಾರ. ನಮ್ಮ ದೇಶದ ‘ನಾವಿಕ್’ ಸರಣಿಯ ಮೊದಲ ಉಪಗ್ರಹ 2013ರ ಜುಲೈ 1ರಂದು ಹಾರಿತು. ಅದರ ಮೂರೂ ಗಡಿಯಾರಗಳು ಕೆಟ್ಟಮೇಲೆ ಉಪಗ್ರಹ ಆಕಾಶದಲ್ಲಿದ್ದೂ ಸ್ಥಳ ಗುರುತಿಸುವ ಕೆಲಸಕ್ಕೆ ಬಾರದಾಯಿತು. ಈ ಉಪಗ್ರಹಗಳ ಮೇಲ್ವಿಚಾರಣೆ ನಡೆಯುವುದು ನಮ್ಮ ನೆರೆಯ ಹಾಸನದ ಇಸ್ರೋ ಕೇಂದ್ರದಿಂದ. ಅವು ಪ್ರಸಾರ ಮಾಡುವ ಮಾಹಿತಿ ಸಿದ್ಧವಾಗುವುದು ಬೆಂಗಳೂರು ಬಳಿಯ ಬ್ಯಾಲಾಳುವಿನಲ್ಲಿ.

ಇಷ್ಟು ದೂರದಿಂದ ಬರುವ ಅಲೆ ಬಹಳ ಕ್ಷೀಣ. ತಗಡಿನ ಕೊಟ್ಟಿಗೆಯೊಳಗೆ, ದಟ್ಟ ಅಡಿಕೆ ತೋಟದಲ್ಲಿ, ತರೀಕೆರೆಯ ಗುಡ್ಡಗಳ ಮರೆಯಲ್ಲಿ ಸರಿಯಾಗಿ ಸಿಗದು. ಕಣಕ್ಕೋ ರಸ್ತೆಗೋ ಬಂದು ನಿಲ್ಲಿ. ಜಿಪಿಎಸ್ ಉಪಗ್ರಹ ತಾನಿರುವ ಜಾಗದ ವಿವರವನ್ನು 30 ಸೆಕೆಂಡಿಗೊಮ್ಮೆ ನಿಧಾನವಾಗಿ ಹೇಳುತ್ತದೆ. ನೆಟ್‌ವರ್ಕ್ ಇದ್ದರೆ ಮೊಬೈಲು ಆ ವಿವರವನ್ನು ಬೇಗ ತರಿಸಿಕೊಳ್ಳುತ್ತದೆ. ಇಲ್ಲದಿದ್ದರೆ ಒಂದೆರಡು ನಿಮಿಷ ಕಾಯಬೇಕು. ನಕ್ಷೆಯಲ್ಲಿ ನೀಲಿ ವೃತ್ತ ಚಿಕ್ಕದಾದ ಮೇಲೆ ಕಳುಹಿಸಿ.

ಜಾಗ ತಿಳಿಯಲು ನೆಟ್‌ವರ್ಕ್ ಬೇಡ, ಕಳುಹಿಸಲು ಬೇಕು. ಟ್ಯಾಂಕರ್‌ಗೆ ಅಳವಡಿಸುವ ಉಪಕರಣದಲ್ಲೂ ಹೀಗೆಯೇ, ಅದಕ್ಕೇ ಅದರೊಳಗೆ ಸಿಮ್ ಇರುತ್ತದೆ. ನಕ್ಷೆಯಲ್ಲಿ ಅಕ್ಷಾಂಶ, ರೇಖಾಂಶಗಳ ಎರಡು ಅಂಕಿಗಳು ಸಿಗುತ್ತವೆ. ಕಡೂರು ಪಟ್ಟಣಕ್ಕೆ ಅವು ಸುಮಾರು 13.55 ಮತ್ತು 76.01. ಬಿಂದುವಿನ ನಂತರ ಎರಡೇ ಅಂಕಿ ಹೇಳಿದರೆ ವಾಹನ ಅರ್ಧ ಕಿ.ಮೀ. ಆಚೆ ನಿಂತೀತು, ನಾಲ್ಕು ಅಂಕಿ ಹೇಳಿದರೆ ಹತ್ತಿಪ್ಪತ್ತು ಮಾರಿನೊಳಗೆ ಬರುತ್ತದೆ. ಹಸು ಕರು ಹಾಕುವ ಮುಂಚೆಯೇ ಒಂದು ದಿನ ಬಿಡುವಾಗಿ ಅಂಗಳದಲ್ಲಿ ನಿಂತು ಈ ಅಂಕಿಗಳನ್ನು ನೋಡಿ, ಕೊಟ್ಟಿಗೆಯ ಗೋಡೆಯ ಮೇಲೆ ಮನೆಯವರಿಗೆಲ್ಲ ಕಾಣುವಂತೆ ಬರೆದಿಡಿ.