ಅದೇ ಹೆಡ್‌ಫೋನ್, ಬೇರೆ ಬೇರೆ ಶಿಕ್ಷೆ

ಅಮ್ಮ ನ್ಯೂಜೆರ್ಸಿಗೆ ಬಂದಿದ್ದಾಗ ಒಂದಿನ ಶಾಪಿಂಗ್ ಹೋಗಿದ್ವಿ. ಸೆಲ್ಫ್ ಚೆಕೌಟ್‌ನಲ್ಲಿ ನಾನೇ ಬಿಲ್ ಮಾಡಿದೆ. ಬಾಗಿಲ ಹತ್ರ ಅಮ್ಮ, "ಇದಕ್ಕೆ ದುಡ್ಡು ಕೊಟ್ಯೇನೋ?" ಅಂದ್ರು. 300 ಡಾಲರ್ ಹೆಡ್‌ಫೋನ್ ಟ್ರಾಲಿಯ ಮೂಲೆಯಲ್ಲೇ ಉಳಿದಿತ್ತು! ಎದೆ ಧಸಕ್ ಅಂತು. ವಾಪಸ್ ಹೋಗಿ ದುಡ್ಡು ಕೊಟ್ಟೆ.

ರಾತ್ರಿ ಕಾನೂನು ಓದಿದೆ. ಬರೀ ಮರೆವು ಕಳ್ಳತನವಲ್ಲ, ಕದಿಯುವ ಉದ್ದೇಶ ಇರಬೇಕು. ಆದರೆ ಶಿಕ್ಷೆಗೆ ಅಮೆರಿಕದ ಒಂದೊಂದು ರಾಜ್ಯದ್ದು ಒಂದೊಂದು ಲೆಕ್ಕ. ಅದೇ ಹೆಡ್‌ಫೋನ್ ಕದ್ದರೆ ಟೆಕ್ಸಾಸ್‌ನಲ್ಲಿ ಗರಿಷ್ಠ 180 ದಿನ ಜೈಲು, ನ್ಯೂಜೆರ್ಸಿಯಲ್ಲಿ 18 ತಿಂಗಳು! ಇಲ್ಲಿ ವಸ್ತುವಿನ ಬೆಲೆ 200 ಡಾಲರ್ ಮುಟ್ಟಿದರೆ ಗಂಭೀರ ಅಪರಾಧ. ಆ ಗೆರೆ ಕ್ಯಾಲಿಫೋರ್ನಿಯಾದಲ್ಲಿ 950 ಡಾಲರ್, ಟೆಕ್ಸಾಸ್‌ನಲ್ಲಿ 2,500.

ವೀಸಾ ನಿಯಮ ಮಾತ್ರ ಇಡೀ ದೇಶಕ್ಕೆ ಒಂದೇ. ಎಂದಾದರೂ ಬಂಧನವಾಗಿತ್ತಾ ಅಂತ ಅರ್ಜಿಯಲ್ಲಿ ಕೇಳ್ತಾರೆ. ಕೇಸ್ ಬಿದ್ದುಹೋಗಿದ್ದರೂ ಹೇಳಲೇಬೇಕು. ಹಾಗಾಗಿ ಅಂಥ ಸ್ಥಿತಿ ಬಂದರೆ, "ಸಣ್ಣ ದಂಡ ತಾನೇ" ಅಂತ ತಪ್ಪೊಪ್ಪಿಕೊಳ್ಳುವ ಮುಂಚೆ ವಲಸೆ ಕಾನೂನು ಗೊತ್ತಿರುವ ವಕೀಲರನ್ನ ಕೇಳಿ. ಅದಕ್ಕಿಂತ ಸುಲಭದ ದಾರಿ, ಬಾಗಿಲು ದಾಟುವ ಮೊದಲು ಟ್ರಾಲಿ, ರಸೀದಿ ಎರಡನ್ನೂ ಒಮ್ಮೆ ನೋಡಿಕೊಳ್ಳಿ. ಅಮ್ಮ ಪ್ರತಿಸಲ ಜೊತೆಗಿರಲ್ಲ!