ವಾಲ್ಟರ್ ಲಿಪ್‌ಮನ್: ಪತ್ರಿಕೆಯ ಆಪ್ತವಾಕ್ಯ

ಪ್ರತ್ಯಕ್ಷ, ಅನುಮಾನ, ಉಪಮಾನಗಳ ಜೊತೆಗೆ ಶಬ್ದವನ್ನೂ ಒಂದು ಪ್ರಮಾಣವೆಂದು ನಮ್ಮ ನೈಯಾಯಿಕರು ಎಣಿಸಿದರು. ಶಬ್ದವೆಂದರೆ ಆಪ್ತನ ಮಾತು. ಆಪ್ತನೆಂದರೆ ಇಲ್ಲಿ ನಂಟನಲ್ಲ, ಇದ್ದುದನ್ನು ಇದ್ದಂತೆ ಹೇಳುವವನು. ಗೃಹಸ್ಥರಾದ ನಾವು ದೇಶಾಂತರದ ಸಂಗತಿಗಳಲ್ಲಿ ಕಣ್ಣಾರೆ ಕಂಡುದೆಷ್ಟು? ಬಹುಭಾಗವೆಲ್ಲ ಬೆಳಗ್ಗೆ ಬಾಗಿಲಿಗೆ ಬಂದು ಬೀಳುವ ವರ್ತಮಾನಪತ್ರಿಕೆಯ ಕೃಪೆ. ಅದರಲ್ಲಿಯೂ ಅಂಕಣಕಾರರು ಏನೆಂದರೆಂಬುದನ್ನು ನೋಡಿಕೊಂಡ ಮೇಲೆಯೇ ತಮ್ಮ ಅಭಿಪ್ರಾಯವನ್ನು ಸ್ಥಿರಪಡಿಸಿಕೊಳ್ಳುವ ವಾಚಕರು ಹಲವರುಂಟು. ಅಮೆರಿಕ ದೇಶದ ಅಸಂಖ್ಯ ವಾಚಕರಿಗೆ ಹೀಗೆ 36 ವರ್ಷಕಾಲ ಆಪ್ತಸ್ಥಾನದಲ್ಲಿದ್ದವರು ವಾಲ್ಟರ್ ಲಿಪ್‌ಮನ್ನರು.

ಇವರು 1889ನೆಯ ಸೆಪ್ಟೆಂಬರ್ 23ರಂದು ನ್ಯೂಯಾರ್ಕ್ ನಗರದ ಒಂದು ಅನುಕೂಲಸ್ಥ ಯೆಹೂದಿ ಮನೆತನದಲ್ಲಿ ಏಕಪುತ್ರರಾಗಿ ಹುಟ್ಟಿದರು. 1906ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯವನ್ನು ಸೇರಿ, ನಾಲ್ಕು ವರ್ಷದ ಪಾಠವನ್ನು ಮೂರೇ ವರ್ಷದಲ್ಲಿ ಮುಗಿಸಿದರು. ವಿದ್ಯಾರ್ಥಿಪತ್ರಿಕೆಯಲ್ಲಿ ಇವರು ಬರೆದ ಲೇಖನವೊಂದನ್ನು ಮೆಚ್ಚಿ, ತತ್ತ್ವಜ್ಞ ವಿಲಿಯಂ ಜೇಮ್ಸರು ತಾವಾಗಿಯೇ ಇವರ ಕೊಠಡಿಗೆ ಬಂದು ಬಾಗಿಲು ತಟ್ಟಿದರಂತೆ. ಗುರುವು ಶಿಷ್ಯನ ಬಾಗಿಲಿಗೆ ಬರುವುದು ಆ ದೇಶದಲ್ಲಿಯೂ ಅಪರೂಪವೇ ಇರಬೇಕು. 1914ರಲ್ಲಿ 'ನ್ಯೂ ರಿಪಬ್ಲಿಕ್' ವಾರಪತ್ರಿಕೆಯನ್ನು ಪ್ರಾರಂಭಿಸಿದ ಮಂಡಲಿಯಲ್ಲಿ ಇವರೊಬ್ಬರು. ಮೊದಲನೆಯ ಮಹಾಯುದ್ಧದಲ್ಲಿ ಅಧ್ಯಕ್ಷ ವಿಲ್ಸನ್ನರ 14 ಸೂತ್ರಗಳ ಸಿದ್ಧತೆಗೂ ನೆರವಾದರು. 1919ರ ವರ್ಸೇಲ್ಸ್ ಸಂಧಿಯನ್ನು ಕಂಡು ನಿರಾಶರಾಗಿ ಲೇಖನಿಗೆ ಮರಳಿದರು.

ಆಗ ಇವರು ಕೈಗೊಂಡ ಕೆಲಸ ವಿಚಿತ್ರವಾದುದು. ಚಾರ್ಲ್ಸ್ ಮೆರ್ಜ್ ಎಂಬ ಮಿತ್ರರೊಡನೆ ಕುಳಿತು, ರಷ್ಯದ ಕ್ರಾಂತಿಯ ವಿಷಯವಾಗಿ 'ನ್ಯೂಯಾರ್ಕ್ ಟೈಮ್ಸ್' ಮೂರು ವರ್ಷ ಪ್ರಕಟಿಸಿದ ಸುದ್ದಿಯನ್ನೆಲ್ಲ ಪರೀಕ್ಷಿಸಿದರು. ಬೋಲ್ಷೆವಿಕರು ಬಿದ್ದರು, ಅಥವಾ ಇನ್ನೇನು ಬೀಳುತ್ತಾರೆ ಎಂಬ ವಾರ್ತೆ 91 ಸಲ ಬಂದಿತ್ತು. ಅವರಾದರೋ ಬೀಳಲಿಲ್ಲ. ಬರೆದವರು ವಂಚಕರಲ್ಲ, ತಾವು ಬಯಸಿದುದನ್ನೇ ಕಂಡರು, ಕಂಡೆವೆಂದು ನಂಬಿದುದನ್ನೇ ಬರೆದರು ಎಂಬುದು 1920ರಲ್ಲಿ ಪ್ರಕಟವಾದ ಈ ಪರೀಕ್ಷೆಯ ಫಲಿತಾಂಶ. ಅದೇ ಮೆರ್ಜರು ಮುಂದೆ ಅದೇ ಪತ್ರಿಕೆಯ ಸಂಪಾದಕೀಯ ಪುಟಕ್ಕೆ ಮುಖ್ಯಸ್ಥರಾದುದು ವಿನೋದ!

ಈ ವಿಚಾರವನ್ನು ವಿಸ್ತರಿಸಿದ ಗ್ರಂಥವೇ 1922ರ 'ಪಬ್ಲಿಕ್ ಒಪಿನಿಯನ್'. ಅದರ ಆರಂಭದಲ್ಲಿ ಒಂದು ದ್ವೀಪದ ಸಂಗತಿ ಬರುತ್ತದೆ. ಅಲ್ಲಿ ಇಂಗ್ಲಿಷರು, ಫ್ರೆಂಚರು, ಜರ್ಮನರು ಸ್ನೇಹದಿಂದಿದ್ದರು. ತಂತಿಯಿಲ್ಲ, ಟಪಾಲಿನ ಹಡಗು 60 ದಿನಕ್ಕೊಮ್ಮೆ. 1914ರ ಸೆಪ್ಟೆಂಬರಿನಲ್ಲಿ ಹಡಗು ಬಂದಾಗ, ತಾವು ಆರು ವಾರಗಳಿಂದಲೂ ಪರಸ್ಪರ ಶತ್ರುಗಳಾಗಿರುವುದು ಅವರಿಗೆ ತಿಳಿಯಿತು! ನಾವೆಲ್ಲರೂ ಇಂತಹ ದ್ವೀಪವಾಸಿಗಳೇ. ಲೋಕಕ್ಕೆ ಬದಲಾಗಿ ಮನಸ್ಸಿನೊಳಗಣ ಚಿತ್ರಕ್ಕೆ ತಕ್ಕಂತೆ ನಡೆಯುತ್ತೇವೆ ಎಂಬುದು ಅವರ ವಾದ. ಅಚ್ಚುಕೂಟದಲ್ಲಿ ಜೋಡಿಸಿದ ಮೊಳೆಗಳ ಪಡಿಯಚ್ಚನ್ನು ಎರಕಹೊಯ್ದು ಮಾಡುವ ಲೋಹದ ಫಲಕಕ್ಕೆ ಸ್ಟೀರಿಯೋಟೈಪ್ ಎಂದು ಹೆಸರು; ಒಂದು ಜನಾಂಗವನ್ನು ಕುರಿತು ಮನಸ್ಸಿನಲ್ಲಿ ಎರಕಗೊಂಡ ಕಲ್ಪನೆಗೆ ಆ ಹೆಸರನ್ನು ರೂಢಿಗೆ ತಂದವರು ಇವರೇ.

'ವರ್ಲ್ಡ್' ಪತ್ರಿಕೆಯ ಸಂಪಾದಕೀಯ ಪುಟವನ್ನು ಕೆಲವು ವರ್ಷ ನಡೆಸಿ, 1931ರಲ್ಲಿ ಅದು ನಿಂತುಹೋದ ಮೇಲೆ, ಆ ವರ್ಷದ ಸೆಪ್ಟೆಂಬರ್ 8ರಂದು 'ಹೆರಾಲ್ಡ್ ಟ್ರಿಬ್ಯೂನ್' ಪತ್ರಿಕೆಯಲ್ಲಿ 'ಟುಡೇ ಅಂಡ್ ಟುಮಾರೋ' ಎಂಬ ಅಂಕಣವನ್ನು ತೊಡಗಿದರು. ಉನ್ನತಿಯ ಕಾಲದಲ್ಲಿ ಅದು 200ಕ್ಕೂ ಹೆಚ್ಚು ಪತ್ರಿಕೆಗಳಲ್ಲಿ ಅಚ್ಚಾಗುತ್ತಿತ್ತು.

ಇನ್ನು ಮುಂದಿನದನ್ನು ನಾವು ಲಘುವಾಗಿ ಬರೆಯಲಾರೆವು. 1941ರ ಡಿಸೆಂಬರಿನಲ್ಲಿ ಜಪಾನು ಪರ್ಲ್ ಹಾರ್ಬರಿನ ಮೇಲೆ ಬಿದ್ದಿತು. ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ನೆಲಸಿದ್ದ ಜಪಾನೀ ವಂಶಸ್ಥರ ಮೇಲೆ ಎಲ್ಲರಿಗೂ ಸಂಶಯ. ಲಿಪ್‌ಮನ್ನರು ಅಲ್ಲಿಗೆ ಹೋಗಿ ಅಧಿಕಾರಿಗಳನ್ನು ಕಂಡು, 1942ರ ಫೆಬ್ರವರಿ 12ರ ಅಂಕಣದಲ್ಲಿ ಅಪಾಯವು ಸನ್ನಿಹಿತವೆಂದು ಬರೆದರು. ಘಾತುಕ ಕೃತ್ಯ ಒಂದಾದರೂ ನಡೆದಿರಲಿಲ್ಲವಲ್ಲ? ನಡೆಯದಿರುವುದೇ ಹೊಂಚಿಗೆ ಗುರುತು, ತಕ್ಕ ಸಮಯಕ್ಕಾಗಿ ಕಾದಿದ್ದಾರೆ ಎಂದು ಅವರ ಸಮಾಧಾನ. ಕಾಣಬೇಕಾದುದು ಕಾಣದಿದ್ದರೆ ಅದು ಅಲ್ಲಿಲ್ಲವೆಂದು ತಿಳಿಯುವುದನ್ನು ನಮ್ಮ ಭಾಟ್ಟ ಮೀಮಾಂಸಕರು ಅನುಪಲಬ್ಧಿಯೆಂದು ಕರೆದರು. ಇಲ್ಲಿ ಅದು ತಲೆಕೆಳಗಾಗಿ ನಿಂತಿತು: ಕಾಣದಿರುವುದೇ ಇರುವುದಕ್ಕೆ ಸಾಕ್ಷಿ! ಇಂತಹ ತರ್ಕದ ಮುಂದೆ ನಿರ್ದೋಷಿಯು ತನ್ನನ್ನು ಹೇಗೆ ತಾನೆ ಸಮರ್ಥಿಸಿಕೊಂಡಾನು? ಎರಕದ ಅಚ್ಚನ್ನು ಲೋಕಕ್ಕೆ ತೋರಿಸಿಕೊಟ್ಟವರ ಕೈಯಲ್ಲಿಯೇ ಅದು ಒತ್ತಿತು.

ಒಂದು ವಾರದ ಮೇಲೆ, ಫೆಬ್ರವರಿ 19ರಂದು, ಅಧ್ಯಕ್ಷ ರೂಸ್‌ವೆಲ್ಟರು ಆಜ್ಞೆಗೆ ರುಜುಹಾಕಿದರು. ಸುಮಾರು 1,20,000 ಮಂದಿ ಹೊಲಮನೆಗಳನ್ನು ಬಿಟ್ಟು ಕಾವಲಿನ ಶಿಬಿರಗಳಿಗೆ ಹೋದರು. ಅವರಲ್ಲಿ ಮೂರರಲ್ಲಿ ಎರಡು ಪಾಲು ಅಮೆರಿಕದ ಪ್ರಜೆಗಳೇ. ಆ ಲೇಖನವೊಂದರಿಂದಲೇ ಹೀಗಾಯಿತೆನ್ನುವುದು ನ್ಯಾಯವಲ್ಲ. ಸೇನಾಧಿಕಾರಿಗಳೂ ರಾಜಕಾರಣಿಗಳೂ ಮೊದಲೇ ಒತ್ತಾಯಮಾಡುತ್ತಿದ್ದರು. ಆದರೆ ತಡೆಯಬಹುದಾಗಿದ್ದ ಮಾತೊಂದು ನೂಕುವ ಮಾತಾಯಿತು. 1988ರಲ್ಲಿ ಅಮೆರಿಕ ಸರ್ಕಾರವು ಶಾಸನಮೂಲಕ ಕ್ಷಮೆ ಬೇಡಿ, ಬದುಕುಳಿದಿದ್ದ ಒಬ್ಬೊಬ್ಬರಿಗೂ 20,000 ಡಾಲರು ಪರಿಹಾರವನ್ನು ಗೊತ್ತುಮಾಡಿತು.

ತರುವಾಯದ ಜೀವನ ಕೀರ್ತಿಮಯ. ಇವರ 1947ರ ಪುಸ್ತಕದ ಹೆಸರಿನಿಂದಲೇ 'ಕೋಲ್ಡ್ ವಾರ್' ಎಂಬ ನುಡಿ ಮನೆಮಾತಾಯಿತು. 1958ರಲ್ಲಿಯೂ 1962ರಲ್ಲಿಯೂ ಪುಲಿಟ್ಜರ್ ಗೌರವ ಬಂದಿತು. 1964ರಲ್ಲಿ ಅಧ್ಯಕ್ಷ ಜಾನ್ಸನ್ನರಿಂದ ಸ್ವಾತಂತ್ರ್ಯಪದಕವನ್ನು ಸ್ವೀಕರಿಸಿದವರು, ಮರುವರ್ಷವೇ ವಿಯೆಟ್ನಾಮಿನ ಯುದ್ಧದ ವಿಷಯದಲ್ಲಿ ಅವರನ್ನು ಎದುರಿಸಿ ಬರೆದು ಅರಮನೆಯ ಸ್ನೇಹವನ್ನು ಕಳೆದುಕೊಂಡರು. ಎಪ್ಪತ್ತೈದು ದಾಟಿದ ಮೇಲೆ ಈ ಧೈರ್ಯ! ಇದನ್ನೂ ಅವರ ಲೆಕ್ಕಕ್ಕೆ ಬರೆಯಬೇಕು. 1967ರಲ್ಲಿ ಅಂಕಣವನ್ನು ನಿಲ್ಲಿಸಿ ನ್ಯೂಯಾರ್ಕಿಗೆ ಹಿಂದಿರುಗಿದರು. 1974ನೆಯ ಡಿಸೆಂಬರ್ 14ರಂದು ಅಲ್ಲಿಯೇ ತೀರಿಕೊಂಡರು.

'ಪಬ್ಲಿಕ್ ಒಪಿನಿಯನ್' ಇಂದಿಗೂ ಅಂಗಡಿಗಳಲ್ಲಿ ದೊರೆಯುತ್ತದೆ. ಇಂಗ್ಲಿಷು ಬಲ್ಲ ವಾಚಕರು ಪುಸ್ತಕವನ್ನೆಲ್ಲ ಓದದಿದ್ದರೂ, ಆ ದ್ವೀಪದ ಕಥೆಯಿರುವ ಮೊದಲನೆಯ ಅಧ್ಯಾಯವನ್ನಾದರೂ ಮನೆಯ ಹುಡುಗರಿಗೆ ಓದಿ ಹೇಳಬಹುದು.